ಒಂದೇ ದಿನದಲ್ಲಿ ಹಿರೋಶಿಮಾ, ಮಿಯಾಜಿಮಾ: ಗುಂಪಾಗಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಸಾಕಾಕ್ಕೆ ಬಂದು ನೆಲೆಸಿದ ಮೇಲೆ ನನಗೆ ಅಂಟಿಕೊಂಡ ಕೆಲಸ ಇದು. ಊರಿನಿಂದ ಬರುವ ನೆಂಟರು, ಸ್ನೇಹಿತರ ಅಪ್ಪ ಅಮ್ಮಂದಿರು, ಇಲ್ಲಿನ ಒಂದೆರಡು ಕನ್ನಡದ ಮನೆಯವರು ಸೇರಿ ಹತ್ತು ಹದಿನೈದು ಜನವಾದರೆ ಒಂದು ದಿನ ಹಿರೋಶಿಮಾ ಕಡೆ ಹೊರಡುತ್ತೇವೆ. ಬೆಳಿಗ್ಗೆ ಬಾಂಬ್ ಬಿದ್ದ ಜಾಗದ ಸ್ಮಾರಕಗಳು, ಮಧ್ಯಾಹ್ನ ಮಿಯಾಜಿಮಾ ದ್ವೀಪದ ಇತ್ಸುಕುಶಿಮಾ ಗುಡಿ. ಹೊರಡುವ ಹಿಂದಿನ ವಾರ ವಾಟ್ಸಾಪಿನಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಬೆರಳು ನೋಯಿಸಿಕೊಳ್ಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಎರಡನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದೇ?

ಒಸಾಕಾ ಅಥವಾ ಕ್ಯೋಟೋದಿಂದಾದರೆ ಧಾರಾಳವಾಗಿ. ಶಿನ್-ಒಸಾಕಾದಿಂದ ನೊಜೊಮಿ ಎಂಬ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಹಿರೋಶಿಮಾ. ಬೆಳಿಗ್ಗೆ ಏಳಕ್ಕೆ ರೈಲು ಹತ್ತಿದರೆ ಒಂಬತ್ತಕ್ಕೆ ಸ್ಮಾರಕಗಳಿರುವ ಪಾರ್ಕಿನಲ್ಲಿರುತ್ತೀರಿ. ಟೋಕಿಯೋದಿಂದ ಹೋಗಿಬರುವ ಸಾಹಸ ಬೇಡ. ಹೋಗುವುದಕ್ಕೇ ನಾಲ್ಕು ಗಂಟೆ ಬೇಕು, ಉಳಿಯುವುದು ಓಡಾಟವಷ್ಟೇ.

ಮೊದಲು ಸ್ಮಾರಕವೋ, ಗುಡಿಯೋ?

ನನ್ನ ಆಯ್ಕೆ ಯಾವಾಗಲೂ ಸ್ಮಾರಕ ಮೊದಲು. ಬೆಳಗಿನ ಹೊತ್ತು ಮ್ಯೂಸಿಯಂನಲ್ಲಿ ಜನ ಕಡಿಮೆ, ನಮ್ಮ ತಲೆಯೂ ಹಗುರವಾಗಿರುತ್ತದೆ. ಅಲ್ಲಿಂದ ಹೊರಬಂದ ಮೇಲೆ ಅರ್ಧ ಗಂಟೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆಗ ದೋಣಿ, ಸಮುದ್ರದ ಗಾಳಿ ಸಿಕ್ಕರೆ ಒಳ್ಳೆಯದು. ಸಂಜೆ ಕೊನೆಗೆ ಮ್ಯೂಸಿಯಂ ಇಟ್ಟುಕೊಂಡಿದ್ದ ಒಂದು ಸಲ ಎಲ್ಲರೂ ಸುಸ್ತಾಗಿ, ಗಡಿಯಾರ ನೋಡುತ್ತಾ ಓಡಿದೆವು. ಆ ತಪ್ಪು ಮತ್ತೆ ಮಾಡಿಲ್ಲ.

ಆದರೆ ಸಮುದ್ರದ ಲೆಕ್ಕ ಬೇರೆ. ನೀರಿನಲ್ಲಿ ನಿಂತ ಕೆಂಪು ಹೆಬ್ಬಾಗಿಲು ತೇಲುತ್ತಿರುವಂತೆ ಕಾಣಬೇಕಾದರೆ ಅಲ್ಲಿನ ಉಬ್ಬರದ ಪಟ್ಟಿಯಲ್ಲಿ ನೀರು 250 ಸೆಂಟಿಮೀಟರ್ ದಾಟಿರಬೇಕು. 100ಕ್ಕಿಂತ ಕೆಳಗಿಳಿದರೆ ಬುಡದವರೆಗೂ ನಡೆದೇ ಹೋಗಬಹುದು. ದಿನಾಂಕ ಗೊತ್ತುಮಾಡುವ ಮೊದಲೇ ಈ ಪಟ್ಟಿ ನೋಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಉಬ್ಬರವೋ ಇಳಿತವೋ ಪೂರ್ತಿ ಇರುವ ದಿನ ಸಿಕ್ಕರೆ ಅದೇ ಸರಿ.

ಸಾವಿನ ಜಾಗ ನೋಡಿ, ಸ್ನಾನ ಮಾಡದೆ ಸೀದಾ ದೇವರ ಹತ್ತಿರ ಹೋಗಬಹುದೇ?

ಇದನ್ನು ಕೇಳಿದವರು ಮೈಸೂರಿನ ಒಬ್ಬ ಅತ್ತೆ. ಜೊತೆಗಿದ್ದ ಹುಡುಗರು ನಕ್ಕರು. ನನಗೆ ಮಾತ್ರ ಜಪಾನನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಅನ್ನಿಸಿತು.

ಇಲ್ಲಿಯೂ ಸೂತಕವಿದೆ. ಜಪಾನಿನ ಮೂಲ ಧರ್ಮವಾದ ಶಿಂತೋ ಪದ್ಧತಿಯಲ್ಲಿ ಸಾವು, ರಕ್ತ ಇವು ಮೈಲಿಗೆ. ಅದಕ್ಕೆ ಅವರು ಹೇಳುವ ಹೆಸರು ಕೆಗಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಐವತ್ತು ದಿನ ಶಿಂತೋ ಗುಡಿಯ ಬಾಗಿಲು ದಾಟದಿರುವುದು ಹಳೆಯ ರೂಢಿ. ಸಾವಿಗೆ ಹೋಗಿ ಬಂದವರು ಹೊಸ್ತಿಲಲ್ಲಿ ಮೈಮೇಲೆ ಉಪ್ಪು ಚಿಮುಕಿಸಿಕೊಳ್ಳುವುದೂ ಉಂಟು. ಅಂತ್ಯಕ್ರಿಯೆ, ತಿಥಿ, ಸಮಾಧಿ ಇವೆಲ್ಲ ಹೆಚ್ಚಾಗಿ ಬೌದ್ಧ ದೇವಾಲಯದ ಪಾಲು. ಮಗುವಿನ ಮೊದಲ ದರ್ಶನ, ಹೊಸ ವರ್ಷದ ಪೂಜೆ ಶಿಂತೋ ಗುಡಿಯ ಪಾಲು. ಒಂದೇ ಮನೆಯವರು ಎರಡಕ್ಕೂ ನಡೆದುಕೊಳ್ಳುತ್ತಾರೆ.

ಮಿಯಾಜಿಮಾದಲ್ಲಿ ಈ ಮಡಿ ಇನ್ನೂ ಒಂದು ಕೈ ಮೇಲೆ. ದ್ವೀಪವೇ ದೇವರು ಎಂಬ ನಂಬಿಕೆ. ಹಾಗಾಗಿ ಅಲ್ಲಿ ಯಾರೂ ಹುಟ್ಟಬಾರದು, ಸಾಯಬಾರದು ಎಂಬ ಕಟ್ಟಳೆ ಇತ್ತು. ಬಸುರಿಯರನ್ನು ಎದುರು ದಡಕ್ಕೆ ಕಳಿಸುತ್ತಿದ್ದರು. ಇವತ್ತಿಗೂ ದ್ವೀಪದಲ್ಲಿ ಸ್ಮಶಾನವಿಲ್ಲ. 1555ರಲ್ಲಿ ಇಲ್ಲಿ ದೊಡ್ಡ ಕಾಳಗ ನಡೆಯಿತು. ಗೆದ್ದ ಮೋರಿ ಮೊತೊನಾರಿ ಹೆಣಗಳನ್ನು ದಡಕ್ಕೆ ಸಾಗಿಸಿ, ರಕ್ತ ಬಿದ್ದ ಮಣ್ಣನ್ನು ಕೆರೆಸಿ ತೆಗೆಸಿ, ಗುಡಿಯನ್ನೆಲ್ಲ ತೊಳೆಸಿದನೆಂದು ಹೇಳುತ್ತಾರೆ. ನಮ್ಮ ಅತ್ತೆಗೆ ಈ ಕಥೆ ಬಹಳ ಹಿಡಿಸಿತು.

ಇನ್ನು ಉತ್ತರ: ಹೋಗಬಹುದು. ಸ್ಮಾರಕ ನೋಡಿದ್ದಕ್ಕೆ ಸೂತಕವಿಲ್ಲ. ಗುಡಿಯ ಬಾಗಿಲಲ್ಲಿ ನೀರಿನ ತೊಟ್ಟಿ ಇರುತ್ತದೆ. ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದರೆ ಮಡಿಯಾಯಿತು. ಸೌಟಿಗೆ ನೇರವಾಗಿ ಬಾಯಿ ಹಚ್ಚಬೇಡಿ, ಎಂಜಲು ಅವರಿಗೂ ಆಗುವುದಿಲ್ಲ. ಮುಟ್ಟಾದ ಹೆಂಗಸರಿಗೂ ಹಿಂದೆ ಕಟ್ಟುಪಾಡುಗಳಿದ್ದವು. ಈಗ ಯಾರೂ ಕೇಳುವುದಿಲ್ಲ, ನೀವೂ ತಲೆ ಕೆಡಿಸಿಕೊಳ್ಳಬೇಡಿ.

ಹಿರೋಶಿಮಾದಲ್ಲಿ ಈಗಲೂ ವಿಕಿರಣ ಇರುತ್ತದಲ್ಲವೇ?

ಇಲ್ಲ. ಬಾಂಬ್ ನೆಲಕ್ಕೆ ಬೀಳಲಿಲ್ಲ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ನೆಲದಲ್ಲಿ ಉಳಿದ ವಿಕಿರಣ ಬೇಗನೆ ಇಳಿದುಹೋಯಿತು. ಇಂದು ಅಲ್ಲಿರುವುದು ಬೇರೆ ಯಾವುದೇ ಊರಿನಲ್ಲಿರುವಷ್ಟೇ. ಲಕ್ಷಗಟ್ಟಲೆ ಜನ ಬದುಕು ಮಾಡಿಕೊಂಡಿರುವ ದೊಡ್ಡ ಪೇಟೆ ಅದು.

ಪಾರ್ಕಿನಲ್ಲಿ ಏನೇನು ನೋಡಬೇಕು, ಯಾವ ಕ್ರಮದಲ್ಲಿ?

ಸ್ಟೇಷನ್ನಿನಿಂದ ಟ್ರಾಮ್ ಹಿಡಿದು ಗೆನ್‌ಬಾಕು ಡೋಮ್‌ಮಾಯೆಯಲ್ಲಿ ಇಳಿಯಿರಿ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಬಾಂಬ್ ಸಿಡಿದು ಮೂರೇ ದಿನಕ್ಕೆ ಒಂದಿಷ್ಟು ದೂರ ಟ್ರಾಮ್ ಮತ್ತೆ ಓಡಿತ್ತು. ಅಂದು ಹಾನಿಗೊಂಡು ಮತ್ತೆ ರಿಪೇರಿಯಾದ 651, 652ನೇ ಗಾಡಿಗಳು ಇವತ್ತಿಗೂ ಹಳಿಯ ಮೇಲಿವೆ.

ಇಳಿದ ಕೂಡಲೇ ಎದುರಿಗೆ ಬಾಂಬಿಗೆ ಸಿಕ್ಕಿ ಪಾಳುಬಿದ್ದ ಡೋಮ್. 1915ರಲ್ಲಿ ಯಾನ್ ಲೆಟ್ಸೆಲ್ ಎಂಬ ಚೆಕ್ ವಾಸ್ತುಶಿಲ್ಪಿ ವಸ್ತುಪ್ರದರ್ಶನಕ್ಕೆಂದು ಕಟ್ಟಿಸಿದ ಕಟ್ಟಡ. ಸ್ಫೋಟದ ಕೇಂದ್ರದಿಂದ 160 ಮೀಟರ್ ದೂರ. ಹೊಡೆತ ಹೆಚ್ಚುಕಮ್ಮಿ ನೆತ್ತಿಯ ಮೇಲಿನಿಂದಲೇ ಬಂದದ್ದರಿಂದ ಗೋಡೆಗಳು ಪೂರ್ತಿ ಮಲಗಲಿಲ್ಲ. ಒಳಗಿದ್ದವರು ಯಾರೂ ಉಳಿಯಲಿಲ್ಲ. 1996ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಿಯಾಜಿಮಾದ ಗುಡಿ ಸೇರಿದ್ದೂ ಅದೇ ವರ್ಷ.

ಹೆಚ್ಚಿನವರು ನೋಡದೆ ದಾಟಿಹೋಗುವ ಜಾಗ ಒಂದಿದೆ: ಪಾರ್ಕಿನ ಉತ್ತರದ ಕಡೆಯ ಹುಲ್ಲು ಬೆಳೆದ ದಿಬ್ಬ. ಸುಮಾರು 70,000 ಜನರ ಬೂದಿ ಅದರೊಳಗಿದೆ. ಹೆಸರು ಗೊತ್ತಾಗದವರು, ಗೊತ್ತಾದರೂ ಒಯ್ಯಲು ಮನೆಯವರೇ ಉಳಿಯದವರು. ಗುಂಪನ್ನು ನಾನು ಅಲ್ಲಿಗೆ ಕರೆದೊಯ್ದೇ ಒಯ್ಯುತ್ತೇನೆ. ಅಲ್ಲಿಂದ ಕೊರಿಯಾದವರ ಸ್ಮಾರಕ ಹತ್ತಿರ. ಕಲ್ಲಿನ ಆಮೆಯ ಬೆನ್ನ ಮೇಲೆ ನಿಂತ ಕಂಬ. 1970ರಲ್ಲಿ ಪಾರ್ಕಿನ ಹೊರಗೆ ನಿಲ್ಲಿಸಿದ್ದನ್ನು ಒಳಗೆ ತಂದದ್ದು 1999ರಲ್ಲಿ. ಸತ್ತವರಿಗೂ ಒಳಗೆ ಬರಲು ಅಷ್ಟು ವರ್ಷ ಹಿಡಿಯಿತು.

ಆಮೇಲೆ ಮಕ್ಕಳ ಸ್ಮಾರಕ, ಶಾಂತಿಯ ಜ್ಯೋತಿ, ಕಮಾನಿನ ಸ್ಮಾರಕ, ಕೊನೆಗೆ ಮ್ಯೂಸಿಯಂ. ಇಡೀ ಪಾರ್ಕಿನ ವಿನ್ಯಾಸ ಕೆಂಜೊ ತಾಂಗೆಯದು. ಕಮಾನಿನ ಮುಂದೆ ಸ್ವಲ್ಪ ಬಗ್ಗಿ ನೋಡಿದರೆ ಅದರ ಬಾಯಲ್ಲಿ ಜ್ಯೋತಿ, ಜ್ಯೋತಿಯ ಹಿಂದೆ ಡೋಮ್, ಮೂರೂ ಒಂದೇ ಗೆರೆಯಲ್ಲಿ ಕೂರುತ್ತವೆ.

ಕಮಾನಿನ ಕೆಳಗಿನ ಕಲ್ಲಿನಲ್ಲಿ ಏನು ಬರೆದಿದೆ?

ಹೆಚ್ಚುಕಡಿಮೆ ಹೀಗೆ: "ನೆಮ್ಮದಿಯಿಂದ ನಿದ್ರಿಸಿ, ತಪ್ಪನ್ನು ಮತ್ತೆ ಮಾಡುವುದಿಲ್ಲ."

ಯಾರು ಮಾಡುವುದಿಲ್ಲ? ಜಪಾನಿ ಸಾಲಿನಲ್ಲಿ ಕರ್ತೃವೇ ಇಲ್ಲ. ಇಂಗ್ಲಿಷಿಗೆ ತರುವವರು "ನಾವು" ಸೇರಿಸಬೇಕೋ ಬೇಡವೋ ಎಂದು ಒದ್ದಾಡುತ್ತಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮ "ಮಾಡುವುದಿಲ್ಲ" ನಾನು, ನೀನು, ಅವರು ಎಲ್ಲರಿಗೂ ಹೊಂದುತ್ತದೆ. ಅದೇ ಸಂದಿಗ್ಧ ನಮ್ಮ ಭಾಷೆಯಲ್ಲಿ ತಾನಾಗಿ ಕೂರುತ್ತದೆ. 1952ರಲ್ಲಿ ಸ್ಮಾರಕ ತೆರೆದ ಕೆಲವೇ ತಿಂಗಳಲ್ಲಿ ಇದನ್ನು ಪ್ರಶ್ನಿಸಿದವರು ಒಬ್ಬ ಭಾರತೀಯರು. ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದಿದ್ದ ನ್ಯಾಯಾಧೀಶ ರಾಧಾಬಿನೋದ್ ಪಾಲ್. ಬಾಂಬ್ ಹಾಕಿದವರು ಜಪಾನೀಯರಲ್ಲವಲ್ಲ, ಇವರೇಕೆ ತಪ್ಪೊಪ್ಪಿಕೊಳ್ಳಬೇಕು ಎಂಬುದು ಅವರ ಆಕ್ಷೇಪ. ಇದು ಇಡೀ ಮನುಕುಲದ ಮಾತು ಎಂಬುದು ನಗರದ ವಿವರಣೆ.

ಕಲ್ಲಿನ ಪೆಟ್ಟಿಗೆಯಲ್ಲಿ ಸತ್ತವರ ಹೆಸರಿನ ಪುಸ್ತಕಗಳಿವೆ. ಹೆಸರುಗಳು 3 ಲಕ್ಷ 40 ಸಾವಿರ ದಾಟಿವೆ, ಪ್ರತಿ ಆಗಸ್ಟ್ 6ಕ್ಕೆ ಹೊಸವು ಸೇರುತ್ತವೆ. ವರ್ಷಕ್ಕೊಮ್ಮೆ ಪುಸ್ತಕಗಳನ್ನು ಹೊರತೆಗೆದು ಒಂದೊಂದೇ ಹಾಳೆ ತಿರುವಿ ಗಾಳಿಗೆ ಹಿಡಿಯುತ್ತಾರೆ.

ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯಬಹುದೇ?

ತಡೆಯೇನೂ ಇಲ್ಲ. ಇಲ್ಲಿನ ಶಾಲಾಮಕ್ಕಳು ಸಾಲುಸಾಲಾಗಿ ಬರುತ್ತಾರೆ. ದೊಡ್ಡವರಿಗೆ 200 ಯೆನ್, ಸಣ್ಣ ಮಕ್ಕಳಿಗೆ ಟಿಕೆಟ್ ಇಲ್ಲ. ನನ್ನ ಲೆಕ್ಕದಲ್ಲಿ ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಒಬ್ಬ ದೊಡ್ಡವರು ಅವರ ಜೊತೆ ಮಕ್ಕಳ ಸ್ಮಾರಕದ ಬಳಿ ಇರಲಿ, ಆಮೇಲೆ ಸರದಿ ಬದಲಾಯಿಸಿಕೊಳ್ಳಿ.

ಭಯಾನಕ ಚಿತ್ರಗಳಿವೆ, ನಿಜ. ಆದರೆ ಜನರನ್ನು ನಿಲ್ಲಿಸಿಬಿಡುವುದು ಸಣ್ಣ ಸಾಮಾನುಗಳು. 13 ವರ್ಷದ ಹುಡುಗನೊಬ್ಬನ ಊಟದ ಡಬ್ಬಿ, ಒಳಗೆ ಇದ್ದಿಲಾಗಿ ಹೋದ ಅನ್ನ. ಇನ್ನೊಂದು ಮೂರು ಗಾಲಿಯ ಸೈಕಲ್. ಅದರ ಮೇಲೆ ಆಡುತ್ತಿದ್ದ ಮಗುವಿಗೆ ನಾಲ್ಕು ತುಂಬಿರಲಿಲ್ಲ. ಒಬ್ಬನೇ ಗೋರಿಯಲ್ಲಿ ಮಲಗಿಸಲು ಅಪ್ಪನಿಗೆ ಮನಸ್ಸಾಗದೆ, ಮನೆಯ ಹಿತ್ತಲಲ್ಲೇ ಸೈಕಲ್ಲಿನ ಜೊತೆ ಹೂತರು. ನಲವತ್ತು ವರ್ಷದ ಮೇಲೆ ಮೂಳೆಗಳನ್ನು ತೆಗೆದು ಮನೆತನದ ಸಮಾಧಿಗೆ ಸೇರಿಸಿ, ಸೈಕಲ್ಲನ್ನು ಮ್ಯೂಸಿಯಂಗೆ ಕೊಟ್ಟರು. ಹ್ಯಾಂಡಲ್ಲಿನ ತುಕ್ಕು ಪದರ ಪದರವಾಗಿ ಎದ್ದಿದೆ.

ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಗುಂಪಿಗೆ ವಿವರಿಸುವುದೆಲ್ಲ ಹೊರಗೇ ಮುಗಿಯಲಿ. ಒಳಗೆ ನಿಂತು ಜೋರಾಗಿ ಅನುವಾದ ಮಾಡಿದರೆ ಉಳಿದವರಿಗೆ ತೊಂದರೆ. ಹೊತ್ತಿದ್ದರೆ ಬದುಕುಳಿದವರ ಅನುಭವವನ್ನು ಅವರ ಪರವಾಗಿ ಹೇಳಲು ತರಬೇತಾದವರ ಉಪನ್ಯಾಸ ಕೇಳಿ. ಬದುಕುಳಿದವರ ಸರಾಸರಿ ವಯಸ್ಸು 86 ದಾಟಿದೆ. ಅವರ ಸಂಘಟನೆಯಾದ ನಿಹೋನ್ ಹಿದಾಂಕ್ಯೋಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಕಾಗದದ ಕೊಕ್ಕರೆ ನಾವೂ ಅರ್ಪಿಸಬಹುದೇ?

ಖಂಡಿತ. ಬಾಂಬ್ ಬಿದ್ದಾಗ ಎರಡು ವರ್ಷದವಳಾಗಿದ್ದ ಸದಾಕೊ ಸಸಾಕಿ 1955ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಸಾವಿರ ಮಡಚಿದರೆ ಬೇಡಿಕೆ ಈಡೇರುತ್ತದೆಂಬ ನಂಬಿಕೆಯಿಂದ ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದದಲ್ಲೂ ಕೊಕ್ಕರೆ ಮಡಚುತ್ತಿದ್ದಳು. ಸಾವಿರ ಮುಗಿಸಲಾಗಲಿಲ್ಲ ಎಂಬ ಕಥೆ ಪ್ರಸಿದ್ಧ. ಸಾವಿರ ದಾಟಿತ್ತು ಎನ್ನುತ್ತಾರೆ ಮನೆಯವರು. ಅವಳ ಸಹಪಾಠಿಗಳು ಶುರುಮಾಡಿದ ಚಂದಾದಿಂದ 1958ರಲ್ಲಿ ಮಕ್ಕಳ ಸ್ಮಾರಕ ಎದ್ದಿತು. ಈಗ ವರ್ಷಕ್ಕೆ ಸುಮಾರು 1 ಕೋಟಿ ಕೊಕ್ಕರೆಗಳು ಬರುತ್ತವೆ.

ಬಣ್ಣದ ಕಾಗದ ತನ್ನಿ, ರೈಲಿನಲ್ಲಿ ಮಡಚಲು ಹೊತ್ತಿರುತ್ತದೆ. ಕಳೆದ ಸಲ ಮಾತು ಕಮ್ಮಿಯ ರಿಟೈರ್ಡ್ ಮೇಷ್ಟ್ರೊಬ್ಬರು ಊಟದ ತಟ್ಟೆಯ ಮೇಲೆ ಕಾಗದ ಇಟ್ಟು, ಉಗುರಿನಿಂದ ಮಡಿಕೆ ತೀಡಿ ತೀಡಿ, ಹಿರೋಶಿಮಾ ಬರುವಷ್ಟರಲ್ಲಿ ಹನ್ನೊಂದು ಮಾಡಿದರು. ಪಕ್ಕದ ಸೀಟಿನ ಜಪಾನಿ ಅಜ್ಜಿ ಅವರ ಕೈಯಿಂದ ಒಂದನ್ನು ತೆಗೆದುಕೊಂಡು ಕೊಕ್ಕು ಬಗ್ಗಿಸುವುದು ಹೇಗೆಂದು ತೋರಿಸಿ ವಾಪಸು ಕೊಟ್ಟರು.

ಫೋಟೊ ತೆಗೆಯಬಹುದೇ?

ಪಾರ್ಕಿನಲ್ಲಿ ತೆಗೆಯಬಹುದು. ಮ್ಯೂಸಿಯಂನಲ್ಲಿ ಫ್ಲ್ಯಾಶ್ ಬೇಡ. ತೆಗೆಯಬಾರದೆಂಬ ಗುರುತಿದ್ದಲ್ಲಿ ಕ್ಯಾಮೆರಾ ಎತ್ತಬೇಡಿ. ಕಮಾನಿನ ಮುಂದೆ ಎರಡು ಬೆರಳೆತ್ತಿ, ಹಲ್ಲು ಬಿಟ್ಟು ಗ್ರೂಪ್ ಫೋಟೊ ಮಾತ್ರ ದಯವಿಟ್ಟು ಬೇಡ. ಅದಕ್ಕೆ ಮಧ್ಯಾಹ್ನ ಮಿಯಾಜಿಮಾ ಇದೆ.

ಅಲ್ಲಿ ಭಾರತದ ಗುರುತು ಏನಾದರೂ ಇದೆಯೇ?

ಡೋಮ್ ಹತ್ತಿರ ಮೊತೊಯಾಸು ಹೊಳೆಯ ದಂಡೆಯಲ್ಲಿ ಗಾಂಧೀಜಿಯ ಕಂಚಿನ ಎದೆಮಟ್ಟದ ಪ್ರತಿಮೆ ಇದೆ. 2023ರ ಮೇ ತಿಂಗಳಲ್ಲಿ ಜಿ-7 ಸಭೆಗೆ ಬಂದಾಗ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. 1957ರಲ್ಲಿ ನೆಹರೂ ಕೂಡ ಹಿರೋಶಿಮಾಕ್ಕೆ ಬಂದಿದ್ದರು.

ಮಿಯಾಜಿಮಾಕ್ಕೆ ಹೇಗೆ ಹೋಗುವುದು?

ಎರಡು ದಾರಿ. ಸ್ಟೇಷನ್ನಿಗೆ ಮರಳಿ ಜೆಆರ್ ರೈಲಿನಲ್ಲಿ ಅರ್ಧ ಗಂಟೆ, ಮಿಯಾಜಿಮಾಗುಚಿಯಲ್ಲಿ ಇಳಿದು ಫೆರಿಯಲ್ಲಿ ಹತ್ತು ನಿಮಿಷ. ಅಥವಾ ಪಾರ್ಕಿನ ಪಕ್ಕದಿಂದಲೇ ಹೊಳೆಯ ಮೂಲಕ ದ್ವೀಪಕ್ಕೆ ಮುಕ್ಕಾಲು ಗಂಟೆಯ ದೋಣಿ. ದೋಣಿಗೆ ದುಡ್ಡು ಹೆಚ್ಚು, ನೀರಿನ ಮಟ್ಟ ಸರಿಯಿಲ್ಲದಿದ್ದರೆ ಹೊರಡುವುದೂ ಇಲ್ಲ. ಹತ್ತಾರು ಜನರಿದ್ದರೆ ರೈಲೇ ನಿಶ್ಚಿಂತೆ. 2023ರ ಅಕ್ಟೋಬರಿನಿಂದ ದ್ವೀಪಕ್ಕೆ ಬರುವವರಿಂದ ತಲೆಗೆ 100 ಯೆನ್ ತೆರಿಗೆ ತೆಗೆದುಕೊಳ್ಳುತ್ತಾರೆ.

ಗುಡಿಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು?

ಬಿಡಬೇಕಾಗಿಲ್ಲ! ನಮ್ಮವರಿಗೆ ನಂಬಲಿಕ್ಕೇ ಆಗದ ಸಂಗತಿ. ಇತ್ಸುಕುಶಿಮಾದ ಕೆಂಪು ಪಡಸಾಲೆಗಳಲ್ಲಿ ಶೂ ಹಾಕಿಕೊಂಡೇ ನಡೆಯುತ್ತಾರೆ. ಒಬ್ಬರು ಚಪ್ಪಲಿ ಕೈಚೀಲಕ್ಕೆ ಹಾಕಿಕೊಂಡು ಜನವರಿಯ ಚಳಿಯಲ್ಲಿ ಬರಿಗಾಲಲ್ಲಿ ಇಡೀ ಸುತ್ತು ಬಂದರು. ಅವರ ಸಮಾಧಾನ ಅವರದು. ಆದರೆ ದ್ವೀಪದ ಬೌದ್ಧ ದೇವಾಲಯಗಳಲ್ಲಿ ಮಂಟಪದ ಒಳಗೆ ಹೋಗುವಾಗ ಕಳಚಲೇಬೇಕು. ತೂತಿಲ್ಲದ ಕಾಲುಚೀಲ ಹಾಕಿಕೊಂಡು ಬನ್ನಿ.

ನಡೆಯುವಾಗ ನೆಲದ ಹಲಗೆಗಳ ನಡುವಿನ ಸಂದು ಗಮನಿಸಿ. ಬಿರುಗಾಳಿಗೆ ಸಮುದ್ರ ಉಕ್ಕಿದಾಗ ನೀರು ಆ ಸಂದಿನಿಂದ ಮೇಲೆ ಬಂದು ಇಳಿದುಹೋಗಲಿ, ನೆಲ ಕಿತ್ತುಬರದಿರಲಿ ಎಂದು ಬೇಕೆಂದೇ ಬಿಟ್ಟದ್ದು.

ಕೈಮುಗಿಯುವುದು ಹೇಗೆ? ತೀರ್ಥ, ಮಂಗಳಾರತಿ?

ಅವೆರಡೂ ಇಲ್ಲ. ಪೆಟ್ಟಿಗೆಗೆ ಕಾಸು ಹಾಕಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗುವುದು. ಐದು ಯೆನ್ ನಾಣ್ಯ ಶುಭ. ಗೋ-ಎನ್ ಎಂದರೆ "ಋಣಾನುಬಂಧ" ಎಂದೂ ಅರ್ಥ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಹೊಡೆಯಬೇಡಿ, ಸುಮ್ಮನೆ ಕೈಮುಗಿದರೆ ಸಾಕು.

ಒಳಗಿರುವ ದೇವರು ಯಾರು?

ಮೂವರು ಸಮುದ್ರ ದೇವಿಯರು. ಗುಡಿ ಮೊದಲು ಎದ್ದದ್ದು 593ರಲ್ಲಿ ಎಂದು ಪ್ರತೀತಿ. ಈಗಿನ ವೈಭವದ ರೂಪ 12ನೇ ಶತಮಾನದ ಸಮರನಾಯಕ ತಾಯ್ರಾ ನೊ ಕಿಯೊಮೊರಿಯಿಂದ ಬಂದದ್ದು. ಮೂವರಲ್ಲಿ ಇಚಿಕಿಶಿಮಾಹಿಮೆ ಎಂಬವಳನ್ನು ಜನ ಬಹುಕಾಲ ಬೆಂಜೈತೆನ್ ಎಂದೇ ಪೂಜಿಸಿದರು. ಬೆಂಜೈತೆನ್ ಎಂದರೆ ಬೌದ್ಧ ಗ್ರಂಥಗಳ ಜೊತೆ ಚೀನಾ ಹಾದು ಇಲ್ಲಿಗೆ ಬಂದ ನಮ್ಮ ಸರಸ್ವತಿ. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. 1868ರಲ್ಲಿ ಸರ್ಕಾರ ಶಿಂತೋ ಬೇರೆ, ಬೌದ್ಧ ಬೇರೆ ಎಂದು ಗೆರೆ ಎಳೆದಾಗ ಬೆಂಜೈತೆನ್ ಮೂರ್ತಿಯನ್ನು ಗುಡಿಯಿಂದ ಎತ್ತಿ ಪಕ್ಕದ ದೈಗಾನ್‌ಜಿ ದೇವಾಲಯಕ್ಕೆ ಸಾಗಿಸಿದರು. ಮೂರ್ತಿಯ ದರ್ಶನ ವರ್ಷಕ್ಕೊಮ್ಮೆ, ಜೂನ್ 17ರಂದು ಮಾತ್ರ. ಶೃಂಗೇರಿಗೆ ನಡೆದುಕೊಳ್ಳುವವರು ಗುಂಪಿನಲ್ಲಿದ್ದರೆ ಗುಡಿಯ ಹೊರಬಾಗಿಲಲ್ಲೇ ಇರುವ ಈ ಸಣ್ಣ ದೇವಾಲಯ ತಪ್ಪಿಸಬೇಡಿ.

ನೀರಿನಲ್ಲಿರುವ ಆ ಹೆಬ್ಬಾಗಿಲನ್ನು ಮುಟ್ಟಬಹುದೇ?

ಇಳಿತವಿದ್ದರೆ ಹತ್ತಿರ ಹೋಗಬಹುದು. ಈಗಿನ ಹೆಬ್ಬಾಗಿಲು (ಜಪಾನಿಯಲ್ಲಿ ತೋರಿ) 1875ರದು, ಎತ್ತರ 16.6 ಮೀಟರ್, ತೂಕ ಸುಮಾರು 60 ಟನ್. ಕಂಬಗಳು ಕರ್ಪೂರದ ಮರದವು. ಅವನ್ನು ನೆಲದಲ್ಲಿ ಹೂತಿಲ್ಲ, ತನ್ನ ಭಾರಕ್ಕೆ ತಾನೇ ನಿಂತಿದೆ. ಭಾರ ಸಾಲದೆಂದು ಮೇಲಿನ ತೊಲೆಯೊಳಗೆ ಕಲ್ಲು ತುಂಬಿದ್ದಾರೆ. ಮರದ ಬಿರುಕಿನಲ್ಲಿ ನಾಣ್ಯ ತುರುಕುವವರನ್ನು ನೋಡುತ್ತೀರಿ. ನೀವು ಹಾಗೆ ಮಾಡಬೇಡಿ, ಮರ ಹಾಳಾಗುತ್ತದೆ.

ಸಸ್ಯಾಹಾರಿಗಳ ಪಾಡೇನು?

ಕಷ್ಟವೇ. ಊರಿನ ಹೆಸರಾಂತ ತಿಂಡಿ, ದಪ್ಪ ದೋಸೆಯಂಥ ಒಕೊನೊಮಿಯಾಕಿಯಲ್ಲಿ ಹಂದಿ ಮಾಂಸ, ಮೊಟ್ಟೆ. "ಮಾಂಸ ಬೇಡ" ಎಂದರೆ ತೆಗೆದಾರು, ಆದರೆ ಅದೇ ಕಾವಲಿ, ಅದೇ ಸಾಸ್. ತರಕಾರಿ ಸಾರು ಎಂದು ಕಾಣುವುದರಲ್ಲೂ ದಾಶಿ ಎಂಬ ಒಣಮೀನಿನ ರಸ ಇರುತ್ತದೆ. ಮೇಪಲ್ ಎಲೆಯ ಆಕಾರದ ಮೊಮಿಜಿ ಮಂಜು ಒಳಗೆ ಸಿಹಿ ಹೂರಣ, ಹೊರಗಿನ ಹಿಟ್ಟಿಗೆ ಮೊಟ್ಟೆ. ನಮ್ಮ ಗುಂಪು ಬೆಳಿಗ್ಗೆಯೇ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೊರಡುತ್ತದೆ. ಕಸದ ಬುಟ್ಟಿ ಸಿಗುವುದು ಕಷ್ಟ, ಕಸಕ್ಕೊಂದು ಚೀಲ ಜೊತೆಗಿರಲಿ. ಸ್ಮಾರಕಗಳ ಎದುರು ಕೂತು ಬುತ್ತಿ ಬಿಚ್ಚಬೇಡಿ, ಹೊಳೆಯ ದಂಡೆಯಲ್ಲಿ ಬೆಂಚುಗಳಿವೆ.

ಮಿಯಾಜಿಮಾದ ಜಿಂಕೆಗಳು ಏನೂ ಮಾಡುವುದಿಲ್ಲವೇ?

ಚಪಾತಿ ಕಸಿಯುತ್ತವೆ. ಕಾಗದವನ್ನೂ ತಿನ್ನುತ್ತವೆ, ವಾಪಸು ಹೋಗುವ ರೈಲು ಟಿಕೆಟ್ ಒಳಜೇಬಿನಲ್ಲಿರಲಿ. ನೀವಾಗಿ ಏನನ್ನೂ ತಿನ್ನಿಸಬಾರದು.

ವಯಸ್ಸಾದವರಿಗೆ ನಡೆಯಲು ಆಗುತ್ತದೆಯೇ?

ಪಾರ್ಕು ಸಮತಟ್ಟು, ಗುಡಿಯವರೆಗಿನ ದಾರಿಯೂ ಹೆಚ್ಚುಕಡಿಮೆ ಹಾಗೇ. ದೈಶೋಯಿನ್ ದೇವಾಲಯಕ್ಕೆ ಮೆಟ್ಟಿಲು ಹತ್ತಬೇಕು. 535 ಮೀಟರಿನ ಮಿಸೆನ್ ಬೆಟ್ಟಕ್ಕೆ ರೋಪ್‌ವೇ ಇದ್ದರೂ ಅದಾದ ಮೇಲೆ ಏರುದಾರಿಯ ನಡಿಗೆ ಉಳಿದಿರುತ್ತದೆ. ಒಂದೇ ದಿನದ ಪ್ರವಾಸದಲ್ಲಿ ನಾನು ಬೆಟ್ಟ ಬಿಡಿಸಿಬಿಡುತ್ತೇನೆ. ಬಿಡುವಾಗ ಬೇಸರವೂ ಆಗುತ್ತದೆ. 806ರಲ್ಲಿ ಕೂಕಾಯ್ ಎಂಬ ಸನ್ಯಾಸಿ ಹೊತ್ತಿಸಿದ ಬೆಂಕಿ ಆರದೆ ಉರಿಯುತ್ತಿದೆ ಎಂದು ಜನ ನಂಬುವುದು ಆ ಬೆಟ್ಟದ ಮೇಲೆಯೇ. 1964ರಲ್ಲಿ ಪಾರ್ಕಿನ ಶಾಂತಿ ಜ್ಯೋತಿ ಹೊತ್ತಿಸಲು ಕಿಡಿ ತಂದದ್ದು ಅಲ್ಲಿಂದಲೂ. ಕಾಲು ಗಟ್ಟಿಯಿರುವವರು ಒಂದು ರಾತ್ರಿ ಉಳಿದು ಹತ್ತಿ.

ಆಗಸ್ಟ್ 6ರಂದೇ ಹೋಗೋಣವೇ?

ಗುಂಪಿಗೆ ಬೇಡ. ಬೆಳಗಿನ ಕಾರ್ಯಕ್ರಮಕ್ಕೆ ಪಾರ್ಕಿನಲ್ಲಿ ಕಟ್ಟುನಿಟ್ಟು, ಹೋಟೆಲುಗಳೆಲ್ಲ ಭರ್ತಿ, ಬಿಸಿಲು ವಿಪರೀತ. ಒಬ್ಬರೋ ಇಬ್ಬರೋ ಆದರೆ ಸಂಜೆ ಹೊಳೆಯಲ್ಲಿ ಕಾಗದದ ದೀಪ ತೇಲಿಬಿಡುವುದನ್ನು ನೋಡಲು ಹೋಗಿ.

ಊರಿಗೆ ಏನು ಒಯ್ಯುವುದು?

ಶಾಮೋಜಿ, ಅಂದರೆ ಮರದ ಅನ್ನದ ಕೈ. ಸನ್ಯಾಸಿಯೊಬ್ಬನ ಕನಸಿನಲ್ಲಿ ಬೆಂಜೈತೆನ್ ಬಂದಳಂತೆ. ಅವಳ ಬಿವಾದ ಆಕಾರದಲ್ಲಿ ಅನ್ನದ ಕೈ ಕೆತ್ತಿ ಮಾರಿ ಬದುಕಿರೆಂದು ಅವನು ದ್ವೀಪದವರಿಗೆ ಹೇಳಿಕೊಟ್ಟ. ಅಂಗಡಿ ಬೀದಿಯಲ್ಲಿ 7.7 ಮೀಟರ್ ಉದ್ದದ್ದೊಂದನ್ನು ಮಲಗಿಸಿದ್ದಾರೆ, ಗ್ರೂಪ್ ಫೋಟೊಗೆ ಅದೇ ಜಾಗ. ಅಂಗೈಯಗಲದ್ದು ಕೆಲವು ನೂರು ಯೆನ್ನಿಗೆ ಸಿಗುತ್ತದೆ. ನಮ್ಮ ಮನೆಯದು ಬಿಸಿಬೇಳೆಬಾತ್ ಬಡಿಸಿ ಬಡಿಸಿ ತುದಿಯೆಲ್ಲ ಅರಿಶಿನ ಹಿಡಿದಿದೆ.